ತೊಟ್ಟಿಕ್ಕುವ ನಲ್ಲಿಯ ಮನೆ

ಶಿವಮೊಗ್ಗದ ಗೋಪಾಳದ ಆ ಮನೆಯಲ್ಲಿ ಮಧ್ಯಾಹ್ನಗಳು ಬೇರೆ ಕಡೆಗಿಂತ ಉದ್ದವಾಗಿರುತ್ತಿದ್ದವು ಎಂದು ನನಗೆ ಈಗಲೂ ಅನ್ನಿಸುತ್ತದೆ. ಭಾನುವಾರ ಊಟ ಮುಗಿಸಿ ಹಾಲಿನಲ್ಲಿ ಚಾಪೆ ಹಾಸಿ ಮಲಗಿದರೆ, ಪರದೆಯನ್ನು ದಾಟಿ ಬಂದ ಬಿಸಿಲು ಗೋಡೆಯ ಮೇಲೆ ಎಷ್ಟೋ ಹೊತ್ತು ನಿಂತಲ್ಲೇ ನಿಂತಿರುತ್ತಿತ್ತು. ಒಳಗೆ ಬಚ್ಚಲುಮನೆಯ ನಲ್ಲಿಯಿಂದ ಬಕೆಟ್ಟಿಗೆ ಹನಿ ಬೀಳುತ್ತಿತ್ತು. ಟಪ್ ಎನ್ನುವ ಸದ್ದು, ಆಮೇಲೊಂದು ದೊಡ್ಡ ಮೌನ, ಮತ್ತೆ ಟಪ್. ಆ ಎರಡು ಹನಿಗಳ ನಡುವೆ ನಾನು ಎಲ್ಲೆಲ್ಲಿಗೋ ಹೋಗಿ ಬರುತ್ತಿದ್ದೆ. ನಿದ್ದೆಯೋ ಎಚ್ಚರವೋ ತಿಳಿಯದ ಆ ಸ್ಥಿತಿಯಲ್ಲಿ ಈ ಮನೆ ನಮ್ಮದಲ್ಲ ಎನ್ನುವುದೇ ಮರೆತುಹೋಗುತ್ತಿತ್ತು. ಬಾಡಿಗೆಗಿರುವವರು ಮರೆಯಬಾರದ ಸಂಗತಿಯೇ ಅದು.

ಮನೆಯಲ್ಲಿ ಇದ್ದವರು ಅಮ್ಮ ಮತ್ತು ನಾನು, ಇಬ್ಬರೇ. ನಾನು ಊರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಅಷ್ಟು ಹೊತ್ತು ಅಮ್ಮ ಒಬ್ಬಳೇ ಇರುತ್ತಿದ್ದಳು. ಅವಳ ಕಣ್ಣಿನ ನರ ವರ್ಷದಿಂದ ವರ್ಷಕ್ಕೆ ಸೋಲುತ್ತ ಬಂದಿತ್ತು. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಈ ಹನಿ ಹಾಕಿ ಎಂದು ಡಾಕ್ಟರು ಹೇಳಿದ್ದರು. ಹನಿ ಹಾಕುತ್ತಲೇ ಇದ್ದೆವು, ದೃಷ್ಟಿ ಹೋಗುತ್ತಲೇ ಇತ್ತು. ಕೊನೆಕೊನೆಗೆ ಅವಳಿಗೆ ಕಾಣುತ್ತಿದ್ದದ್ದು ಬೆಳಕು ಮತ್ತು ನೆರಳು ಮಾತ್ರ. ಕಿಟಕಿ ಎಲ್ಲಿದೆ ಎಂದು ತಿಳಿಯುತ್ತಿತ್ತು, ಅದರ ಮುಂದೆ ನಿಂತವರು ಯಾರು ಎಂದು ತಿಳಿಯುತ್ತಿರಲಿಲ್ಲ.

ಆದರೆ ಆ ಮನೆಯೊಳಗೆ ಅವಳನ್ನು ನೋಡಿದ ಯಾರಿಗೂ ಇದು ಗೊತ್ತಾಗುತ್ತಿರಲಿಲ್ಲ. ಕಣ್ಣು ಚೆನ್ನಾಗಿದ್ದ ಕಾಲದಲ್ಲೇ ನಾವು ಅಲ್ಲಿಗೆ ಬಂದದ್ದರಿಂದ, ಕಣ್ಣು ಹೋಗುವ ಮೊದಲು ತನಗೆ ಗೊತ್ತಿದ್ದದ್ದನ್ನೆಲ್ಲ ಅಂಗೈಗೆ ವಹಿಸಿಕೊಟ್ಟು ಹೋಗಿತ್ತು. ಎಡಗೈಯನ್ನು ಗೋಡೆಗೆ ಮೆಲ್ಲಗೆ ತಾಗಿಸಿಕೊಂಡು ಅವಳು ದೇವರ ಮೂಲೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ ಸರಾಗವಾಗಿ ಓಡಾಡುತ್ತಿದ್ದಳು. ಕಾಫಿ ಸೋಸುತ್ತಿದ್ದಳು, ತುಳಸಿಗೆ ನೀರು ಹಾಕುತ್ತಿದ್ದಳು, ನಾನು ಬಟ್ಟೆ ಮಡಚಿದ್ದು ಸರಿಯಾಗಿಲ್ಲ ಎಂದು ಬೈಯುತ್ತಿದ್ದಳು. ಗೋಡೆಯ ಮೇಲೆ ಅವಳ ಕೈ ಹೋಗುವ ಎತ್ತರದಲ್ಲಿ ಬಣ್ಣ ಹೊಳಪು ಹಿಡಿದು ಒಂದು ಪಟ್ಟಿಯೇ ಮೂಡಿತ್ತು. ಇದೇ ಅಮ್ಮ ನೆಂಟರ ಮನೆಯ ಮದುವೆಗೆ ಹೋದರೆ ಕೂರಿಸಿದ ಕುರ್ಚಿಯಲ್ಲೇ ಸಂಜೆಯವರೆಗೆ ಕೂತಿರುತ್ತಿದ್ದಳು. ಯಾರಾದರೂ ಕೈ ಹಿಡಿದು ಎಬ್ಬಿಸಲಿ ಎಂದು ಕಾಯುವ ಆ ಮುಖವನ್ನು ನನಗೆ ನೋಡಲು ಆಗುತ್ತಿರಲಿಲ್ಲ. ಆ ಮನೆ ಇರುವವರೆಗೆ ಅಮ್ಮ ಅಮ್ಮನಾಗಿಯೇ ಇರುತ್ತಾಳೆ ಎಂದು ನಾನು ನಂಬಿದ್ದೆ.

ಇನ್ನು ಮನೆಯ ಓನರ್ ವಿಷಯ. ಅವರು ಭದ್ರಾವತಿಯವರು, ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತಿಯ ಹಣದಲ್ಲಿ ಗೋಪಾಳದಲ್ಲಿ ಈ ಮನೆ ಕಟ್ಟಿಸಿದ್ದರು, ಆದರೆ ಒಂದು ದಿನವೂ ಇದರಲ್ಲಿ ವಾಸ ಮಾಡಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನಲ್ಲೇ ಬಾಡಿಗೆ ಕಟ್ಟಿಕೊಂಡು ಉಳಿದಿದ್ದರು. ಮನೆ ಎಂದರೆ ಏನು, ಓನರ್ ಎಂದರೆ ಯಾರು ಎನ್ನುವುದನ್ನೆಲ್ಲ ಅವರು ಕಲಿತದ್ದು ಆ ಕ್ವಾರ್ಟರ್ಸಿನಲ್ಲಿ. ಅಲ್ಲಿ ಚಿಲಕ ಬಿದ್ದರೂ ನಲ್ಲಿ ಸೋರಿದರೂ ಆಫೀಸಿಗೆ ಹೋಗಿ ಕಂಪ್ಲೇಂಟ್ ಕೊಟ್ಟು ಬರಬೇಕು, ಕಂಪನಿಯಿಂದ ಜನ ಬಂದು ರಿಪೇರಿ ಮಾಡಿ ಹೋಗುತ್ತಾರೆ. ಮನೆಯಲ್ಲಿ ಇರುವವರು ತಾವಾಗಿ ಒಂದು ಸ್ಕ್ರೂ ತಿರುಗಿಸುವಂತಿಲ್ಲ. ಇವರು ಸ್ವಂತ ಮನೆ ಕಟ್ಟಿ ಬಾಡಿಗೆಗೆ ಕೊಟ್ಟ ದಿನದಿಂದ ತಾವೇ ಕಂಪನಿಯಾಗಿಬಿಟ್ಟರು.

ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹೆಗಲಿಗೆ ಖಾಕಿ ಚೀಲ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಲ್ಲುವರು. “ಮೇಡಂ, ಕಂಪ್ಲೇಂಟ್ ಏನಾದ್ರೂ ಇದೆಯಾ?” ಇಲ್ಲ ಎಂದರೆ ಮುಖ ಸಣ್ಣದಾಗುತ್ತಿತ್ತು. ಅಷ್ಟು ದೂರದಿಂದ ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆ ಎಂದು ನಾನು ಏನಾದರೂ ಒಂದನ್ನು ಉಳಿಸಿಟ್ಟಿರುತ್ತಿದ್ದೆ. ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು, ಗೋಡೆ ತಾರಸಿ ಟ್ಯಾಂಕು ಮಾಲೀಕರದ್ದು ಎಂದು ನಮ್ಮ ಕರಾರಿನಲ್ಲೂ ಎಲ್ಲರ ಕರಾರಿನಲ್ಲಿ ಇರುವಂತೆಯೇ ಇತ್ತು. ಅವರು ಅದನ್ನು ಓದದೆ ಸಹಿ ಹಾಕಿರಬೇಕು. ಒಮ್ಮೆ ನಾನೇ ಎಲೆಕ್ಟ್ರಿಷಿಯನ್ ಕರೆಸಿ ಒಂದು ಸ್ವಿಚ್ಚು ಹಾಕಿಸಿದ್ದಕ್ಕೆ ಆ ಭಾನುವಾರವೆಲ್ಲ ಮುಖ ಊದಿಸಿಕೊಂಡು, ಕಾಫಿಯನ್ನೂ ಕುಡಿಯದೆ ಹೋಗಿದ್ದರು. ನಮ್ಮ ಗ್ರಂಥಾಲಯದಲ್ಲಿ ಇದನ್ನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಅವರವರ ಓನರುಗಳು ತಾರಸಿ ತಲೆ ಮೇಲೆ ಬಿದ್ದರೂ ಫೋನ್ ಎತ್ತದವರು.

ಅವರ ರಿಪೇರಿ ಮಾತ್ರ ಅಷ್ಟಕ್ಕಷ್ಟೇ. ಜೀವಮಾನವೆಲ್ಲ ಕಬ್ಬಿಣದ ಜೊತೆ ಗುದ್ದಾಡಿದ ಕೈ, ಯಾವುದನ್ನೂ ಮೆಲ್ಲಗೆ ತಿರುಗಿಸಲು ಬರುತ್ತಿರಲಿಲ್ಲ. ಅವರು ಸರಿ ಮಾಡಿದ ಕಿಟಕಿಯನ್ನು ತೆರೆಯಲು ನಾನು ಎರಡೂ ಕೈ ಹಾಕಿ ಎಳೆಯಬೇಕಾಗಿತ್ತು. ಅವರು ಬಿಗಿದ ಗ್ಯಾಸಿನ ಪೈಪಿನ ಕ್ಲಿಪ್ಪನ್ನು ಬಿಚ್ಚಲಾರದೆ ಸಿಲಿಂಡರಿನವನು ಅವರ ವಂಶವನ್ನೇ ವಿಚಾರಿಸಿಕೊಂಡಿದ್ದ.

ಒಂದು ಭಾನುವಾರ ನಾನು ಆಲ್ಕೊಳದ ಕಡೆ ತರಕಾರಿಗೆ ಹೋಗಿದ್ದಾಗ ಬಂದವರು, ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕುವುದನ್ನು ಕೇಳಿಸಿಕೊಂಡು ವಾಷರ್ ಬದಲಾಯಿಸಿಬಿಟ್ಟರು. ನಾನು ಹಿಂದಿರುಗಿದಾಗ ಮನೆಯಲ್ಲಿ ಏನೋ ಇಲ್ಲ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಸಂಜೆ ಅಮ್ಮ ಬಚ್ಚಲಿಗೆಂದು ಹೊರಟವಳು ಓಣಿಯಂಥ ಆ ನಡುದಾರಿಯ ಕೊನೆಯಲ್ಲಿ ನಿಂತುಬಿಟ್ಟಳು. ಆಮೇಲೆ ಎರಡು ಹೆಜ್ಜೆ ಇಟ್ಟು ಉಗ್ರಾಣದ ಬಾಗಿಲಿಗೆ ಹಣೆ ಬಡಿಸಿಕೊಂಡಳು. ಗೋಡೆ ಅಲ್ಲಿಗೆ ಮುಗಿಯುತ್ತಿತ್ತು. ಮುಂದೆ ಸ್ವಲ್ಪ ದೂರ ಹಿಡಿಯಲು ಏನೂ ಇಲ್ಲ, ಎಡಕ್ಕೆ ಬಚ್ಚಲು, ಬಲಕ್ಕೆ ಉಗ್ರಾಣ. ಅಷ್ಟು ಜಾಗವನ್ನು ಅವಳು ಹನಿಯ ಸದ್ದಿನ ಬೆನ್ನು ಹಿಡಿದು ದಾಟುತ್ತಿದ್ದಳಂತೆ. ಹಣೆಗೆ ಅರಿಶಿನ ಹಚ್ಚುತ್ತ ನಾನು ಇದನ್ನು ಮೊದಲ ಬಾರಿಗೆ ಕೇಳಿದೆ. ನಾನು ತೂಕಡಿಸುತ್ತ ಕೇಳುತ್ತಿದ್ದ ಸದ್ದಿನಲ್ಲೇ ಅಮ್ಮ ದಿನವೂ ನಡೆದಾಡುತ್ತಿದ್ದಳು.

ಓನರಿಗೆ ಫೋನ್ ಮಾಡಿ ನಲ್ಲಿ ಸೋರುತ್ತಿಲ್ಲ ಎಂದು ಕಂಪ್ಲೇಂಟ್ ಕೊಟ್ಟೆ. ಅವರಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಮಾರನೆಯ ದಿನವೇ ಬಸ್ಸು ಹತ್ತಿ ಬಂದರು, ನಾನೂ ಕೆಲಸಕ್ಕೆ ರಜೆ ಹಾಕಿದ್ದೆ. ಅಮ್ಮನೇ ಅವರನ್ನು ಬಚ್ಚಲುಮನೆಗೆ ಕರೆದುಕೊಂಡು ಹೋಗಿ, ಅದು ತನಗೆ ದಾರಿ ಎಂದು ವಿವರಿಸಿ, ಸ್ವಲ್ಪ ಸಡಿಲ ಬಿಡಲು ಹೇಳಿದಳು. ಅವರು ಚೀಲ ಬಿಚ್ಚಿದರು. ಚೀಲದಲ್ಲಿ ಹಳೆಯ ವಾಷರ್ ಹಾಗೇ ಇತ್ತು, ಅದನ್ನೇ ಮತ್ತೆ ಹಾಕಿದರು. ಆಮೇಲೆ ಶುರುವಾಯಿತು ಹನಿಯನ್ನು ಹದಕ್ಕೆ ತರುವ ಕೆಲಸ. ಅಮ್ಮ ಸ್ಟೂಲಿನ ಮೇಲೆ ಕೂತು, ತಂಬೂರಿಯ ಶ್ರುತಿ ಕೂಡಿಸುವವಳ ಹಾಗೆ ಕಣ್ಣು ಮುಚ್ಚಿ, ಇನ್ನೂ ನಿಧಾನ, ಇಲ್ಲ ಇದು ತೀರಾ ನಿಧಾನ ಎನ್ನುತ್ತಿದ್ದಳು. ಇವರು ಸ್ಪ್ಯಾನರನ್ನು ಕೂದಲೆಳೆಯಷ್ಟು ತಿರುಗಿಸಿ ಉಸಿರು ಹಿಡಿದು ಕಾಯುತ್ತಿದ್ದರು. ಆ ಮಧ್ಯಾಹ್ನ ಮುಗಿಯುವುದೇ ಬೇಡ ಅನ್ನಿಸಿತ್ತು ನನಗೆ.

“ಸರಿ ಇದ್ದಿದ್ದನ್ನ ಕೈಯಾರೆ ಕೆಡಿಸಿದ್ದು ನನ್ನ ಸರ್ವಿಸಲ್ಲೇ ಇದೇ ಮೊದಲು ಅಮ್ಮ,” ಎಂದರು ಕೊನೆಗೆ. ಬಕೆಟ್ ತುಂಬಿದ ನೀರನ್ನು ಗಿಡಗಳಿಗೆ ಹಾಕಬೇಕೆಂದು ನನ್ನಿಂದ ಮಾತು ತೆಗೆದುಕೊಂಡು ಹೊರಟರು. ಅಂದಿನಿಂದ ಆ ಮನೆಯಲ್ಲಿ ಒಂದು ಮೊಳೆಯನ್ನು ಮುಟ್ಟುವುದಿದ್ದರೂ ಮೊದಲು ಅಮ್ಮನನ್ನು ಕೇಳುತ್ತಿದ್ದರು.

ಆ ವರ್ಷ ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ ಅವರು ಬರುವುದು ಹೆಚ್ಚಾಯಿತು. ಕಂಪ್ಲೇಂಟ್ ಇರಲಿ ಬಿಡಲಿ, ವಾರದ ನಡುವೆಯೂ ಬರತೊಡಗಿದರು. ಬಚ್ಚಲುಮನೆಯ ಗೋಡೆಗೆ ಹಿಡಿದುಕೊಳ್ಳಲು ಸ್ಟೀಲಿನ ಕಂಬಿ ಹಾಕಿಸಿದರು. ಕೂತು ಏಳಲು ಸುಲಭವಾಗುವಂತೆ ಹೊಸ ಕಮೋಡ್ ಹಾಕಿಸಿದರು. ಮುಂಬಾಗಿಲ ಮೆಟ್ಟಿಲಿನ ಪಕ್ಕದಲ್ಲಿ ಸಿಮೆಂಟಿನ ಇಳಿಜಾರು ಮಾಡಿಸಿದರು. ಎಲ್ಲವೂ ಅಮ್ಮನಿಗಾಗಿ ಎಂದುಕೊಂಡು ನನಗೆ ಕಣ್ಣು ತುಂಬಿ ಬರುತ್ತಿತ್ತು. ಬಾಡಿಗೆ ಹೆಚ್ಚು ಮಾಡಿಕೊಳ್ಳಿ ಎಂದು ನಾನೇ ಹೇಳಿದೆ. ಲೋಕದಲ್ಲಿ ಯಾವ ಬಾಡಿಗೆದಾರರೂ ಆಡದ ಮಾತು ಅದು. ಅವರು ಚಪ್ಪಲಿ ನೋಡುತ್ತ ಬೇಡ ಮೇಡಂ ಎಂದರು. ಕೆಲಸ ಮುಗಿದ ಮೇಲೂ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿರುತ್ತಿದ್ದರು, ಆಮೇಲೆ ಏನೂ ಹೇಳದೆ ಹೋಗುತ್ತಿದ್ದರು. ವಯಸ್ಸಾಯಿತು, ಮರೆವು ಬಂತು ಎಂದುಕೊಂಡೆ.

ಅದೇ ದಿನಗಳಲ್ಲಿ ನನ್ನ ಬಾಳಿನ ದೊಡ್ಡ ಪವಾಡ ನಡೆಯಿತು. ಒಂದು ಸಂಜೆ ಕೆಲಸದಿಂದ ಬಂದವಳು ತೆರೆದ ಬಾಗಿಲ ಹೊರಗೇ ನಿಂತೆ. ಹಾಲಿನ ನಡುವೆ ಅಮ್ಮ ನಡೆಯುತ್ತಿದ್ದಳು. ಗೋಡೆ ಅವಳಿಂದ ದೂರವಿತ್ತು. ಎರಡೂ ಕೈಗಳನ್ನು ಸ್ವಲ್ಪ ಮುಂದೆ ಚಾಚಿ, ಸೊಂಟದವರೆಗಿನ ನೀರಿನಲ್ಲಿ ನಡೆಯುವವರ ಹಾಗೆ ನಿಧಾನವಾಗಿ, ಕಿಟಕಿಯಿಂದ ಬಿದ್ದ ಹಳದಿ ಬೆಳಕನ್ನು ದಾಟಿ ಈ ಕಡೆಯಿಂದ ಆ ಕಡೆಗೆ ಹೋದಳು. ಕುರ್ಚಿಯ ಹತ್ತಿರ ಬಂದು, ಕೈಯಿಂದ ತಡವಿ, ಅದನ್ನು ಸುತ್ತಿ ಮುಂದೆ ನಡೆದಳು. ನಾನು ಉಸಿರು ಬಿಡದೆ ನೋಡುತ್ತಿದ್ದೆ. ಅಮ್ಮನಿಗೆ ಕಣ್ಣು ಬರುತ್ತಿದೆ ಎಂದುಕೊಂಡೆ.

ಕೇಳಿದರೆ ಎಲ್ಲಿ ಕರಗಿಹೋಗುತ್ತದೋ ಎಂಬ ಭಯಕ್ಕೆ ಏನೂ ಕೇಳಲಿಲ್ಲ. ಡಾಕ್ಟರ ಮಾತನ್ನು ಮೂಲೆಗೆ ತಳ್ಳಿದೆ. ಅವರಿಗೇನು, ಪುಸ್ತಕದಲ್ಲಿ ಇದ್ದದ್ದನ್ನು ಹೇಳುತ್ತಾರೆ, ಪುಸ್ತಕಗಳ ಹಣೆಬರಹ ನನಗೆ ಗೊತ್ತಿಲ್ಲವೇ. ಆಮೇಲೆ ದಿನವೂ ಸಂಜೆ ಬಾಗಿಲ ಬಳಿ ಚಪ್ಪಲಿ ಸದ್ದಾಗದಂತೆ ನಿಂತು ನೋಡುವುದೇ ನನ್ನ ಕೆಲಸವಾಯಿತು. ಅಮ್ಮ ಹಾಲಿನ ನಡುವೆ ನಡೆಯುತ್ತಲೇ ಇದ್ದಳು, ದಿನದಿಂದ ದಿನಕ್ಕೆ ಹೆಜ್ಜೆ ಹಗುರವಾಗುತ್ತಿತ್ತು. ಅವಳ ಮೊಣಕಾಲಿನ ಕೆಳಗೆ ನೀಲಿಗಟ್ಟಿದ ಪೆಟ್ಟು ಕಂಡು ಕೇಳಿದಾಗ ಮಂಚ ತಾಗಿತು ಎಂದಳು. ಕಣ್ಣಿದ್ದವರಿಗೂ ಮಂಚ ತಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕುರ್ಚಿ ದಿನಕ್ಕೊಂದು ಜಾಗದಲ್ಲಿ ಇರುತ್ತಿತ್ತು, ಗಾಳಿಗೆ ಎಳೆದುಕೊಂಡೆ ಎಂದಳು, ಅದನ್ನೂ ನಂಬಿದೆ. ನಂಬಬೇಕೆಂದೇ ಹೊರಟವಳಿಗೆ ಸಾಕ್ಷಿಗೇನು ಬರ. ಬಸ್ಸಿನಲ್ಲಿ ಕೂತು ಸುಮ್ಮನೆ ನಗುತ್ತಿದ್ದೆ. ಅಮ್ಮನನ್ನು ಕರೆದುಕೊಂಡು ಎಲ್ಲೆಲ್ಲಿಗೆ ಹೋಗಬಹುದು, ಅವಳು ಮತ್ತೆ ಏನೇನು ನೋಡಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ಅಷ್ಟು ಸುಖವಾಗಿ ನಾನು ಯಾವತ್ತೂ ಇದ್ದದ್ದಿಲ್ಲ.

ಸಂಕ್ರಾಂತಿ ಬಂತು. ಆ ತಿಂಗಳ ಮೊದಲ ಭಾನುವಾರ ಓನರ್ ಬಂದಿರಲಿಲ್ಲ. ಬಾಡಿಗೆ ಫೋನಿನಲ್ಲೇ ಹೋಗುತ್ತಿತ್ತು, ಎಳ್ಳುಬೆಲ್ಲ ಫೋನಿನಲ್ಲಿ ಹೋಗುವುದಿಲ್ಲವಲ್ಲ. ಅಮ್ಮ ಬೆರೆಸಿಕೊಟ್ಟ ಎಳ್ಳನ್ನು ಡಬ್ಬಿಗೆ ತುಂಬಿಕೊಂಡು ನಾನು ರೈಲಿನಲ್ಲಿ ಭದ್ರಾವತಿಗೆ ಹೊರಟೆ. ಎಳ್ಳು ಕೊಟ್ಟು ಸೀದಾ ವಾಪಸ್ ಬಾ, ಹೆಚ್ಚು ಮಾತಾಡುತ್ತ ಕೂರಬೇಡ ಎಂದು ಅಮ್ಮ ಎರಡೆರಡು ಸಲ ಹೇಳಿದಳು. ನಾನು ಅದಕ್ಕೆ ಕಿವಿಗೊಡಲಿಲ್ಲ. ಅವಳ ಕಣ್ಣಿನ ಸುದ್ದಿಯನ್ನು ಓನರಿಗೆ ಹೇಳುವ ಆತುರದಲ್ಲಿದ್ದೆ.

ಕ್ವಾರ್ಟರ್ಸಿನ ರಸ್ತೆ ನಿದ್ದೆ ಹೋದಂತೆ ಇತ್ತು. ಎರಡೂ ಕಡೆ ದೊಡ್ಡ ಮರಗಳು, ಅವುಗಳ ಕೆಳಗೆ ಸಾಲು ಸಾಲಾಗಿ ಒಂದೇ ಅಚ್ಚಿನ ಮನೆಗಳು, ಬಹಳಷ್ಟಕ್ಕೆ ಬೀಗ. ಎಲ್ಲೋ ಒಂದು ಮನೆಯೊಳಗಿಂದ ಹೆಂಗಸೊಬ್ಬಳು ತಮಿಳಿನಲ್ಲಿ ಮಗುವನ್ನು ಊಟಕ್ಕೆ ಕರೆಯುತ್ತಿದ್ದಳು. ಓನರ್ ಮನೆ ಸಾಲಿನ ಕೊನೆಯದು. ಒಳಗೆ ಕಾಲಿಟ್ಟವಳು ತಲೆಯೆತ್ತಿ ನೋಡಿ ಬೆಚ್ಚಿದೆ. ಅಡುಗೆಮನೆಯ ಸೂರಿನ ಗಾರೆ ಉದುರಿ ಕಂಬಿ ಕಾಣುತ್ತಿತ್ತು, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು. ನಮ್ಮ ಮನೆಯ ಒಂದೊಂದು ಸ್ಕ್ರೂವನ್ನೂ ತಿರುಗಿಸುವವರು ಇದನ್ನೇಕೆ ಹೀಗೆ ಬಿಟ್ಟಿದ್ದೀರಿ ಎಂದು ಕೇಳಿದೆ. “ಇದು ಕಂಪನಿ ಮನೆ ಮೇಡಂ, ನಾವು ಕೈ ಹಾಕಂಗಿಲ್ಲ,” ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಅವರಿಗೆ ಅದು ಸಹಜವಾಗಿತ್ತು.

ಅವರ ಹೆಂಡತಿ ಕಾಫಿ ತಂದರು. ಮಂಡಿ ನೋವು ಜೋರಾಗಿತ್ತೇನೋ, ಒಂದೊಂದು ಹೆಜ್ಜೆಗೂ ಮುಖ ಕಿವುಚುತ್ತಿದ್ದರು. ನನ್ನ ಕೈಗೆ ಲೋಟ ಕೊಟ್ಟು ಆ ಕೈಯನ್ನೇ ಹಿಡಿದುಕೊಂಡರು.

“ನಿಮ್ಮ ಅಮ್ಮನ ಋಣ ತೀರ್ಸಕ್ಕಾಗಲ್ಲ ಮೇಡಂ. ಈ ಮನೆಗಳನ್ನೆಲ್ಲ ಖಾಲಿ ಮಾಡಿ ಅಂತ ಕಂಪನಿಯವರು ಹೇಳಿ ತಿಂಗಳುಗಳೇ ಆಯ್ತು. ನಮಗೆ ಇರೋದು ಅದೊಂದೇ ಮನೆ. ನಿಮ್ಮ ಹತ್ರ ಹೇಳಿ ಬನ್ನಿ ಅಂತ ಇವರನ್ನ ಕಳಿಸ್ತಿದ್ದೆ, ಇವರು ಏನಾದ್ರೂ ರಿಪೇರಿ ಮಾಡ್ಕೊಂಡು ಬಂದುಬಿಡ್ತಿದ್ರು. ಕೊನೆಗೆ ಅಮ್ಮನೇ ಬಾಯಿ ಬಿಡಿಸಿದ್ರಂತೆ. ಯುಗಾದಿ ಕಳೆದ ಮೇಲೆ ಬಿಟ್ಟುಕೊಡ್ತೀವಿ ಅಂದ್ರಂತೆ.”

ಓನರ್ ಎದ್ದು ಹೊರಗೆ ಹೋದರು. ನಾನು ಕಾಫಿ ಕುಡಿದೆನೋ ಬಿಟ್ಟೆನೋ ನೆನಪಿಲ್ಲ. ಆ ಕಂಬಿ, ಆ ಕಮೋಡ್, ಆ ಇಳಿಜಾರು, ಎಲ್ಲವೂ ಈ ಮಂಡಿಗಳಿಗಾಗಿ ಎಂದು ಅರ್ಥವಾಯಿತು. ಅಮ್ಮನ ಕಣ್ಣಿನ ಸುದ್ದಿ ಬಾಯಿಗೆ ಬರಲಿಲ್ಲ. ಡಬ್ಬಿ ಅಲ್ಲೇ ಬಿಟ್ಟು ಸ್ಟೇಷನ್ನಿಗೆ ನಡೆದೆ.

ರೈಲಿನಲ್ಲಿ ನನಗೆ ಕೆಟ್ಟ ಕೋಪ ಬಂತು. ಅಡಿಕೆ ತೋಟ, ಗದ್ದೆ, ಹೊಗೆಯಂಥ ಬಿಸಿಲು ಕಿಟಕಿಯಲ್ಲಿ ಹಿಂದಕ್ಕೆ ಹೋಗುತ್ತಿದ್ದವು, ನಾನು ಯಾವುದನ್ನೂ ನೋಡುತ್ತಿರಲಿಲ್ಲ. ನಾವು ಬಿಡುವುದಿಲ್ಲ ಎಂದರೆ ಏನು ಮಾಡುತ್ತಾರೆ? ಕೋರ್ಟಿಗೆ ಹೋದರೆ ಬಾಡಿಗೆದಾರರನ್ನು ಏಳಿಸಲು ವರ್ಷಗಳೇ ಹಿಡಿಯುತ್ತವೆ, ನಮ್ಮ ಸಹೋದ್ಯೋಗಿಯೊಬ್ಬರು ಹಾಗೇ ಕೂತಿಲ್ಲವೇ? ಕಣ್ಣಿಲ್ಲದ ಮುದುಕಿಯನ್ನು ಬೀದಿಗೆ ತಳ್ಳುತ್ತಾರಂತೆ. ಹೀಗೆಲ್ಲ ಹಲ್ಲು ಕಡಿಯುತ್ತ ಹೋಗುವಾಗ, ಕಣ್ಣಿಲ್ಲದ ಎಂದು ನಾನೇ ಅಂದುಕೊಂಡದ್ದು ಕೇಳಿಸಿತು. ಕಣ್ಣು ಬರುತ್ತಿರುವವಳಿಗೆ ಮನೆ ಬದಲಾದರೆ ಏನಂತೆ ಎಂದು ತಕ್ಷಣ ಸಮಾಧಾನವಾಯಿತು. ಅಮ್ಮ ಒಪ್ಪಿಕೊಂಡದ್ದು ಆ ಧೈರ್ಯದಿಂದಲೇ ಇರಬೇಕು ಎಂದುಕೊಂಡು, ಶಿವಮೊಗ್ಗ ಬರುವ ಹೊತ್ತಿಗೆ ಅರ್ಧ ಕೋಪ ಇಳಿದಿತ್ತು.

ಮನೆಗೆ ಬಂದಾಗ ಅಮ್ಮ ಹಾಲಿನ ಕುರ್ಚಿಯಲ್ಲಿ ಕೂತಿದ್ದಳು. ನನ್ನ ಹೆಜ್ಜೆಯ ಸದ್ದಿನಿಂದಲೇ ಎಲ್ಲ ತಿಳಿದಿತ್ತೇನೋ, ನಾನು ಬಾಯಿ ತೆರೆಯುವ ಮೊದಲೇ ಹೇಳತೊಡಗಿದಳು. ನಾನಿಲ್ಲದಾಗ ಒಂದು ದಿನ ಓನರ್ ಬಂದರಂತೆ. ಅಡುಗೆಮನೆಯ ನಲ್ಲಿಯ ಮುಂದೆ ಕೂತು ಸ್ಪ್ಯಾನರ್ ಆಡಿಸತೊಡಗಿದರಂತೆ. ಇಷ್ಟು ವರ್ಷ ಅವರ ರಿಪೇರಿಯ ಸದ್ದು ಕೇಳಿದ ಅಮ್ಮನಿಗೆ ಅದು ರಿಪೇರಿಯ ಸದ್ದಲ್ಲ ಎಂದು ತಿಳಿಯಿತಂತೆ. ಹತ್ತಿರ ಹೋಗಿ ಕೂತು, ಏನಪ್ಪ ವಿಷಯ ಎಂದು ಕೇಳಿದಳಂತೆ. ಅವರು ಅತ್ತುಬಿಟ್ಟರಂತೆ.

“ಇಷ್ಟು ವರ್ಷ ನಮ್ಮ ಕಂಪ್ಲೇಂಟೆಲ್ಲ ಅವನು ಕೇಳಿದ. ಅವನ ಕಡೆಯಿಂದ ಇದ್ದಿದ್ದು ಒಂದೇ. ಅದನ್ನ ನಾವು ಕೇಳಬೇಡ್ವಾ?”

ನನಗೇಕೆ ಹೇಳಲಿಲ್ಲ ಎಂದು ನಾನು ಕೂಗಾಡಿದೆ. ನಾನು ದುಡಿದು ಬಾಡಿಗೆ ಕಟ್ಟುವವಳು, ಮನೆ ಹುಡುಕಬೇಕಾದವಳು ನಾನು, ಎಲ್ಲರಿಗೂ ಗೊತ್ತಿದ್ದು ನನಗೊಬ್ಬಳಿಗೇ ಗೊತ್ತಿಲ್ಲ ಎಂದೆಲ್ಲ ಅಂದೆ.

“ನೀನು ಖುಷಿಯಾಗಿದ್ದೆ,” ಎಂದಳು ಅಮ್ಮ. “ದಿನಾ ಸಂಜೆ ಬಾಗಿಲ ಹತ್ರ ಬಂದು ನಿಲ್ತಿದ್ದೆ. ನನ್ನ ಕಣ್ಣು ಸರಿ ಹೋಯ್ತು ಅಂದ್ಕೊಂಡಿದೀಯ ಅಂತ ನಿನ್ನ ಉಸಿರಲ್ಲೇ ಗೊತ್ತಾಗ್ತಿತ್ತು. ಹೇಳಕ್ಕೆ ಮನಸ್ಸು ಬರ್ಲಿಲ್ಲ.”

ನಾನು ನೆಲದ ಮೇಲೆ ಕೂತೆ. ಅಮ್ಮ ಕೈ ಚಾಚಿ ನನ್ನ ತಲೆಯನ್ನು ಹುಡುಕಿದಳು.

“ಕಣ್ಣು ಬಂದಿಲ್ಲ ಮಾರಾಯ್ತಿ. ಗೋಡೆ ಬಿಟ್ಟು ನಡೆಯೋದು ಕಲೀತಿದೀನಿ. ಹೋಗೋ ಮನೇಲಿ ಯಾವ ಗೋಡೆ ಎಲ್ಲಿರುತ್ತೋ ನಂಗೇನು ಗೊತ್ತು.”

ನನಗೆ ಅಳು ಬಂತು, ಅತ್ತೆ. ಬಂದಿದ್ದ ಕಣ್ಣು ಅದೇ ಕ್ಷಣ ಮತ್ತೆ ಹೋದಂತೆ ಅತ್ತೆ. ಅಮ್ಮ ತಲೆ ಸವರುತ್ತ ಕೂತಿದ್ದಳು. ಹೊರಗೆ ಯಾರದೋ ಮನೆಯ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಎಳ್ಳು ಬೀರಲು ಹೋಗುತ್ತಿದ್ದರು. ಅವರ ಮಾತು ಬೀದಿಯ ತುದಿಯವರೆಗೂ ಕೇಳಿ ಆಮೇಲೆ ಕೇಳದಾಯಿತು.

ನನ್ನ ಅಳು ನಿಂತದ್ದು ತಿಳಿದು ಅಮ್ಮ ಕುರ್ಚಿಯಿಂದ ಎದ್ದಳು. ಹಾಲಿನ ಆ ಕೊನೆಗೆ ಹೋಗಿ, ನನಗೆ ಬೆನ್ನು ಹಾಕಿ ನಿಂತಳು.

“ಕುರ್ಚಿನ ನಾನೇ ಸರಿಸಿದ್ರೆ ಎಲ್ಲಿಟ್ಟೆ ಅಂತ ನಂಗೆ ಗೊತ್ತಿರುತ್ತೆ, ಅಭ್ಯಾಸ ಆಗಲ್ಲ. ಇನ್ಮೇಲೆ ನೀನು ಸರ್ಸು. ಎಲ್ಲಿಟ್ಟೆ ಅಂತ ಹೇಳಬೇಡ.”

ನಾನು ಕುರ್ಚಿಯನ್ನು ಸದ್ದಾಗದಂತೆ ಎತ್ತಿದೆ. ಎಲ್ಲಿ ಇಟ್ಟರೂ ಅವಳಿಗೆ ತಾಗುತ್ತದೆ ಎಂದು ಅದನ್ನು ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದೆ. ಕೈ ಸೋತು ಬಂತು. ಕೊನೆಗೆ ಅವಳು ನಡೆದು ಬರುವ ದಾರಿಯ ನಟ್ಟನಡುವೆ ಅದನ್ನು ಇಟ್ಟು, ಆಯ್ತಮ್ಮ ಎಂದೆ.